ಹಿಡಿದ ಕೈ ಬಿಡುವ ಕಾಲ

ಕೊಳ್ಳೇಗಾಲದ ಕಡೆ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ‘ಹುಳ ಜ್ವರಕ್ಕೆ ಕೂತಿವೆ’ ಎಂಬ ಮಾತು ಕಿವಿಗೆ ಬೀಳುತ್ತದೆ. ಹುಳುವಿಗೆ ಕಾಯಿಲೆ ಬಂದಿದೆ ಎಂದು ಇದರ ಅರ್ಥವಲ್ಲ. ಹುಳು ಪೊರೆ ಕಳಚುವ ಹೊತ್ತಿಗೆ ಜನ ಇಟ್ಟಿರುವ ಹೆಸರು ಜ್ವರ. ಮೊಟ್ಟೆಯಿಂದ ಹೊರಬಂದು ಗೂಡು ಕಟ್ಟುವವರೆಗಿನ ಸುಮಾರು 25 ದಿನಗಳಲ್ಲಿ ಅದು 4 ಸಲ ಹೀಗೆ ಕೂರುತ್ತದೆ. ತಲೆ ಎತ್ತಿಕೊಂಡು ಅಲುಗದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ.

ಹಲವು ವರ್ಷಗಳ ಹಿಂದೆ ನಾವು ಇಂಥದೊಂದು ಮನೆಗೆ ಹೋಗಿದ್ದೆವು. ಹೋದದ್ದು ಹುಳು ನೋಡಲಿಕ್ಕಲ್ಲ. ಕೆಲವು ಗೆಳೆಯರು ಸೇರಿ ಕೊಳ್ಳೇಗಾಲದಲ್ಲಿ ಹುಡುಗ ಹುಡುಗಿಯರಿಗಾಗಿ ಭಾನುವಾರದ ಓದುಕೂಟವೊಂದನ್ನು ನಡೆಸುತ್ತಿದ್ದೆವು. ಆ ಮನೆಯ ಹುಡುಗ ಕೂಟಕ್ಕೆ ಬರುವುದನ್ನು ನಿಲ್ಲಿಸಿದ್ದ. ಅವನ ತಾಯಿಗೆ ಹೇಳಿ ಮತ್ತೆ ಕರೆತರೋಣವೆಂದು ಹೊರಟಿದ್ದೆವು. ಆಕೆ ಹುಳುವಿನ ತಟ್ಟೆಗಳ ಮುಂದೆ ನಿಂತಿದ್ದರು. ಮಾತಿನ ನಡುವೆ ನಮ್ಮಲ್ಲೊಬ್ಬರು ಪಕ್ಕದಲ್ಲಿದ್ದ ಹಿಪ್ಪುನೇರಳೆ ಸೊಪ್ಪನ್ನು ಎತ್ತಿ ತಟ್ಟೆಗೆ ಉದುರಿಸಲು ಹೋದರು. ಆಕೆ ತಡೆದರು: ‘ಹಾಕ್ಬ್ಯಾಡಿ ಸಾ, ಜ್ವರಕ್ಕ ಕೂತವ. ಈಗ ಸುಮ್ಮನ ಬುಟ್ಬುಡಬೇಕು.’ ಎಷ್ಟು ಹೊತ್ತು ಬಿಡಬೇಕು ಎಂದು ಕೇಳಿದೆವು. ‘ಅದ ಹುಳನೇ ಯೋಳ್ತದ’ ಎಂದರು. ನಾವು ನಕ್ಕು, ಹುಡುಗನ ವಿಷಯಕ್ಕೆ ಬಂದೆವು. ಅವನು ಮನೆಯ ಹಿಂದೆಯೇ ಇದ್ದ. ಹೊರಗೆ ಬರಲಿಲ್ಲ.

ಆ ತಾಯಿ ಹೇಳಿದ ಮಾತು ನಮಗೆ ತಟ್ಟಿದ್ದು ಕೂಟ ಮುರಿದುಬಿದ್ದ ಮೇಲೆ. ಎಳೆಯರ ಗುಂಪೊಂದನ್ನು ಮುನ್ನಡೆಸುವವರು, ಅವರಿಗೆ ಕಲಿಸುವವರು ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು? ಗುಂಪು ಬೆಳೆದಂತೆ ಕಲಿಸುವ ರೀತಿಯೂ ಬದಲಾಗಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಬೆಳೆದಿದೆ ಎಂದು ತೀರ್ಮಾನಿಸುವವರು ಯಾರು? ಬದಲಾಗುವುದು ಯಾರ ಒಳಿತಿಗಾಗಿ? ಇವು ತರಬೇತಿ ಶಿಬಿರದ ಕೈಪಿಡಿಯಲ್ಲಿ ಬಗೆಹರಿಯುವ ಪ್ರಶ್ನೆಗಳಲ್ಲ. ಒಬ್ಬರ ಮೇಲೆ ಇನ್ನೊಬ್ಬರಿಗಿರುವ ಅಧಿಕಾರದ ಪ್ರಶ್ನೆಗಳು. ಆದ್ದರಿಂದಲೇ ನೀತಿಯ ಪ್ರಶ್ನೆಗಳು.

ಮೊದಲು ನಮ್ಮ ತಪ್ಪನ್ನೇ ಹೇಳಿಕೊಳ್ಳುತ್ತೇವೆ. ಮೊದಲ ಕೂಟದಲ್ಲಿ ಹದಿನೆಂಟು ಮಂದಿ ಇದ್ದರು. ಮಗ್ಗದ ಮನೆಗಳಿಂದ ಬಂದವರು, ಯಳಂದೂರಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದವರು, ಹನೂರಿನ ಸುತ್ತಲಿನ ಹಳ್ಳಿಗಳವರು. ಹನೂರು ಆಗಿನ್ನೂ ಕೊಳ್ಳೇಗಾಲ ತಾಲೂಕಿಗೇ ಸೇರಿತ್ತು. ಎಲ್ಲ ಜಾತಿಯವರೂ ಇದ್ದರು, ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದರು. ಪುಸ್ತಕ ಆರಿಸುವವರು ನಾವು, ಭಾಷಣಕ್ಕೆ ಕರೆಯುವವರು ನಾವು, ಯಾರು ಯಾವಾಗ ಮಾತಾಡಬೇಕೆಂದು ಹೇಳುವವರೂ ನಾವೇ. ಮೊದಲ ವರ್ಷ ಇದು ಚೆನ್ನಾಗಿಯೇ ನಡೆಯಿತು. ಪಠ್ಯದ ಹೊರಗೆ ಒಂದು ಪುಸ್ತಕವನ್ನೂ ಓದದೆ ಬಂದಿದ್ದ ಮಕ್ಕಳಿಗೆ ಎಲ್ಲಿಂದ ಶುರು ಮಾಡಬೇಕೆಂದು ಯಾರಾದರೂ ಹೇಳಲೇಬೇಕಿತ್ತು. ಅವರಿಗೂ ಅದು ಬೇಕಿತ್ತು.

ಎರಡನೇ ವರ್ಷದ ಕೊನೆಗೆ ಅವರೇ ಒಂದು ಬೀದಿನಾಟಕ ಕಟ್ಟುತ್ತೇವೆ ಎಂದರು. ವಿಷಯ, ಮಗ್ಗದ ಮನೆಗಳ ಸಾಲ. ನಾವು ‘ಇನ್ನೂ ಸ್ವಲ್ಪ ಓದಿಕೊಳ್ಳಿ, ಅಮೇಲೆ ನೋಡೋಣ’ ಎಂದೆವು. ಮೂರು ತಿಂಗಳ ಬಳಿಕ ಮತ್ತೆ ಕೇಳಿದರು. ನಾವೇ ಒಂದು ನಾಟಕ ಆರಿಸಿ ಕೈಗೆ ಕೊಟ್ಟೆವು. ಆಗ ಅವರಲ್ಲೊಬ್ಬ ‘ಎಲ್ಲನೂವ ನೀವೇ ಮಾಡುದ್ರ ನಾವ್ಯಾಕ ಸಾ ಬರಬೇಕು?’ ಎಂದ. ಅದನ್ನು ನಾವು ಉದ್ಧಟತನ ಎಂದುಕೊಂಡೆವು. ನಾವು ಅವನ ಮನೆಗೇ ಹೋಗಿದ್ದು, ಅವನೇ ಹಿತ್ತಲಿನಲ್ಲಿ ಅಡಗಿ ಕೂತವನು. ಮುಂದಿನ ಆರು ತಿಂಗಳಲ್ಲಿ ಹದಿನೆಂಟು ಮಂದಿ ಐದಕ್ಕೆ ಇಳಿದರು. ‘ಈಗಿನ ಹುಡುಗರಿಗೆ ಓದುವ ಆಸಕ್ತಿಯೇ ಇಲ್ಲ’ ಎಂದು ನಾವು ನಾವೇ ಮಾತಾಡಿಕೊಂಡು ಕೂಟ ಮುಚ್ಚಿದೆವು.

ಕೆಲವು ವರ್ಷಗಳ ನಂತರ ಇನ್ನೊಂದು ಕೂಟ ಶುರುವಾಯಿತು. ಈ ಸಲ ಹಳೆಯ ತಪ್ಪು ಮಾಡಬಾರದೆಂದು ಮೊದಲ ದಿನವೇ ‘ಇದು ನಿಮ್ಮ ಕೂಟ, ನೀವೇ ತೀರ್ಮಾನಿಸಿ’ ಎಂದುಬಿಟ್ಟೆವು. ನಮಗೆ ನಮ್ಮ ಬಗ್ಗೆ ಹೆಮ್ಮೆಯೂ ಆಯಿತು. ಆದದ್ದೇನೆಂದರೆ, ಗಟ್ಟಿ ದನಿಯ ಮೂವರು ಹುಡುಗರು ಎಲ್ಲವನ್ನೂ ಕೈಗೆ ತೆಗೆದುಕೊಂಡರು. ಕೂಟದ ಹೊತ್ತನ್ನು ಬೆಳಗಿನಿಂದ ಸಂಜೆಗೆ ಬದಲಾಯಿಸಿದರು. ಯಳಂದೂರಿನ ಕಡೆಯ ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗಿಗೆ ಆ ಹೊತ್ತಿನಲ್ಲಿ ಬಂದು ತಿರುಗಿ ಹೋಗಲು ಬಸ್ಸಿರಲಿಲ್ಲ. ಅವಳು ಒಂದು ಮಾತೂ ಆಡದೆ ಬರುವುದನ್ನು ಬಿಟ್ಟಳು. ಪ್ರವಾಸಕ್ಕೆಂದು ಎತ್ತಿದ ಹಣಕ್ಕೆ ಲೆಕ್ಕವಿರಲಿಲ್ಲ. ಜಗಳವಾಯಿತು, ಜಗಳಕ್ಕೆ ಜಾತಿಯ ಬಣ್ಣವೂ ಬಂತು. ನಾವು ‘ನಿಮ್ಮೊಳಗೇ ಬಗೆಹರಿಸಿಕೊಳ್ಳಿ’ ಎಂದು ಮೂಲೆಯಲ್ಲಿ ಕೂತಿದ್ದೆವು. ಅವರ ಸ್ವಾತಂತ್ರ್ಯಕ್ಕೆ ಗೌರವ ಕೊಡುತ್ತಿದ್ದೇವೆ ಎಂದು ನಂಬಿದ್ದೆವು.

ಮೊದಲ ಸಲ ಕೈ ಬಿಡಬೇಕಾದಾಗ ಹಿಡಿದೆವು. ಎರಡನೇ ಸಲ ಹಿಡಿಯಬೇಕಾದಾಗ ಬಿಟ್ಟೆವು. ಎರಡರಲ್ಲೂ ಒಂದು ಸಮಾನ ಅಂಶವಿತ್ತು: ನಾವು ನೋಡುತ್ತಿದ್ದುದು ನಮ್ಮನ್ನು. ಮೊದಲು ನಮ್ಮ ತಿಳಿವಳಿಕೆಯನ್ನು ನೋಡಿಕೊಂಡೆವು, ಆಮೇಲೆ ನಮ್ಮ ಔದಾರ್ಯವನ್ನು. ತಟ್ಟೆಯಲ್ಲಿ ಏನಾಗುತ್ತಿದೆ ಎಂದು ನೋಡಲಿಲ್ಲ.

ಹೀಗೆ ಎಡವಿದವರು ನಾವು ಮೊದಲಿಗರೇನಲ್ಲ. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಕರ್ಟ್ ಲೆವಿನ್ ಎಂಬ ಮನೋವಿಜ್ಞಾನಿ ತನ್ನ ಸಂಗಡಿಗರಾದ ಲಿಪ್ಪಿಟ್ ಮತ್ತು ವೈಟ್ ಜೊತೆ 1930ರ ದಶಕದ ಕೊನೆಗೆ ಅಯೋವಾದಲ್ಲಿ ಒಂದು ಪ್ರಯೋಗ ನಡೆಸಿದರು. ಹತ್ತು ಹನ್ನೊಂದು ವಯಸ್ಸಿನ ಹುಡುಗರ ಪುಟ್ಟ ಗುಂಪುಗಳು, ಮುಖವಾಡ ಮಾಡುವಂಥ ಕೆಲಸಗಳು. ಒಬ್ಬ ನಾಯಕ ಪ್ರತಿ ಹೆಜ್ಜೆಗೂ ಆಜ್ಞೆ ಕೊಡುವವನು, ಇನ್ನೊಬ್ಬ ಹುಡುಗರ ಜೊತೆ ಚರ್ಚಿಸಿ ತೀರ್ಮಾನಿಸುವವನು, ಮತ್ತೊಬ್ಬ ಏನೂ ಹೇಳದೆ ಬಿಟ್ಟುಬಿಡುವವನು. ಆಜ್ಞೆಯ ಗುಂಪಿನಲ್ಲಿ ಕೆಲಸವೇನೋ ಆಯಿತು. ನಾಯಕ ಹೊರಗೆ ಹೋದೊಡನೆ ಕೆಲಸ ಕುಸಿಯಿತು. ಆ ಹುಡುಗರು ಮಂಕಾದರು ಅಥವಾ ಒಬ್ಬರ ಮೇಲೊಬ್ಬರು ಹರಿಹಾಯ್ದರು. ಏನೂ ಹೇಳದ ಗುಂಪಿನಲ್ಲಿ ಕೆಲಸ ಕಡಿಮೆ, ಗೊಂದಲ ಹೆಚ್ಚು. ಚರ್ಚೆಯ ಗುಂಪಿನಲ್ಲಿ ನಾಯಕ ಹೊರಗೆ ಹೋದರೂ ಕೆಲಸ ನಡೆಯಿತು. ಪುಟ್ಟ ಪ್ರಯೋಗ, ಬೇರೆ ದೇಶದ ಹುಡುಗರು. ಅದನ್ನೇ ಕಾನೂನೆಂದು ತಿಳಿಯಬೇಕಿಲ್ಲ. ಆದರೆ ನಾಯಕತ್ವವನ್ನು ಅಳೆಯಲು ಅವರು ಕಂಡುಕೊಂಡ ಹೊತ್ತು ಗಮನಿಸಬೇಕಾದದ್ದು. ನಾಯಕ ಕೋಣೆಯಿಂದ ಹೊರಗೆ ಹೋದ ಹೊತ್ತು ಅದು.

1969ರಲ್ಲಿ ಹರ್ಸಿ ಮತ್ತು ಬ್ಲಾಂಚರ್ಡ್ ಎಂಬ ಅಮೆರಿಕದ ಇಬ್ಬರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಎಲ್ಲ ಕಾಲಕ್ಕೂ ಸರಿಯಾದ ಒಂದೇ ರೀತಿ ಇಲ್ಲ, ಕಲಿಯುವವರ ಬೆಳವಣಿಗೆಗೆ ತಕ್ಕಂತೆ ನಾಯಕ ಬದಲಾಗಬೇಕು ಎಂದರು. ಮೊದಲು ಹೇಳುವುದು, ಆಮೇಲೆ ಮನವೊಪ್ಪಿಸುವುದು, ಆಮೇಲೆ ಜೊತೆಗೂಡುವುದು, ಕೊನೆಗೆ ವಹಿಸಿಕೊಡುವುದು. ಕಂಪನಿಗಳ ತರಬೇತಿಯಲ್ಲಿ ಈ ನಾಲ್ಕು ಮೆಟ್ಟಿಲುಗಳು ಬಹಳ ಹೆಸರಾದವು. ಪರೀಕ್ಷಿಸಿ ನೋಡಿದ ನಂತರದ ಸಂಶೋಧಕರಿಗೆ ಮಾತ್ರ ಅಷ್ಟು ಬಲವಾದ ಆಧಾರ ಸಿಗಲಿಲ್ಲ. ಹೊಸದಾಗಿ ಬಂದವರಿಗೆ ಸ್ಪಷ್ಟವಾದ ಮಾರ್ಗದರ್ಶನ ಬೇಕು ಎಂಬಷ್ಟು ಮಾತ್ರ ಹೆಚ್ಚು ನಿಜವೆಂದು ಕಂಡಿತು. ನಮ್ಮ ಅನುಭವವೂ ಅದೇ. ಶುರುವಿನಲ್ಲಿ ಏನು ಮಾಡಬೇಕೆಂಬುದು ತಕ್ಕಮಟ್ಟಿಗೆ ಗೊತ್ತಾಗುತ್ತದೆ. ಕಷ್ಟ ಬರುವುದು ನಡುವಿನಲ್ಲಿ.

ಈ ಮಾತು ಪಶ್ಚಿಮದಿಂದ ಬಂದದ್ದು ಎಂದು ತಿಳಿಯುವುದೂ ತಪ್ಪು. ಟ್ಯುನಿಸ್‌ನಲ್ಲಿ 1332ರಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ ತನ್ನ ‘ಮುಖದ್ದಿಮಾ’ದಲ್ಲಿ ಕಲಿಕೆಯ ಬಗ್ಗೆ ದೀರ್ಘವಾಗಿ ಬರೆದಿದ್ದಾನೆ. ಒಂದು ವಿದ್ಯೆಯನ್ನು ಮೆಲ್ಲಮೆಲ್ಲನೆ, ಮೂರು ಸುತ್ತಿನಲ್ಲಿ ಕಲಿಸಬೇಕೆನ್ನುತ್ತಾನೆ. ಮೊದಲ ಸುತ್ತಿನಲ್ಲಿ ಮುಖ್ಯ ಸಂಗತಿಗಳು, ಕಲಿಯುವವನ ಶಕ್ತಿ ನೋಡಿಕೊಂಡು. ಎರಡನೆಯದರಲ್ಲಿ ವಿವರ ಮತ್ತು ಭಿನ್ನಾಭಿಪ್ರಾಯಗಳು. ಮೂರನೆಯದರಲ್ಲಿ ಬಿಡಿಸದ ಗಂಟು ಒಂದೂ ಉಳಿಯಬಾರದು. ಕೊನೆಯ ಸುತ್ತಿನ ಸಮಸ್ಯೆಗಳನ್ನು ಮೊದಲ ದಿನವೇ ಮುಂದಿಡುವ ಗುರುಗಳನ್ನು ಅವನು ಟೀಕಿಸುತ್ತಾನೆ. ಶಿಷ್ಯರ ಮೇಲಿನ ದರ್ಪ ಅವರಿಗೆ ಕೇಡು ಎನ್ನುವುದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ದಬ್ಬಾಳಿಕೆಯಲ್ಲಿ ಬೆಳೆದವರು ಉತ್ಸಾಹ ಕಳೆದುಕೊಳ್ಳುತ್ತಾರೆ, ಸೋಮಾರಿಗಳಾಗುತ್ತಾರೆ, ಶಿಕ್ಷೆಗೆ ಹೆದರಿ ಒಳಗೊಂದು ಹೊರಗೊಂದು ನಡೆಯುವುದನ್ನು ಕಲಿಯುತ್ತಾರೆ ಎಂಬುದು ಅವನ ವಾದ. ಮಕ್ಕಳ ವಿಷಯದಿಂದ ಶುರುವಾದ ಈ ಮಾತನ್ನು ದಬ್ಬಾಳಿಕೆಗೆ ಸಿಕ್ಕ ಇಡೀ ಜನಾಂಗಗಳವರೆಗೂ ಅವನು ಒಯ್ಯುತ್ತಾನೆ. ಕಲಿಸುವ ರೀತಿ ಮತ್ತು ಆಳುವ ರೀತಿ ಒಂದೇ ಬೇರಿನವು ಎಂದು ಅವನಿಗೆ ಕಂಡಿತ್ತು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಹೊಸಬರೆದುರು ಕಟ್ಟುನಿಟ್ಟು, ಹಳಬರೆದುರು ಗೆಳೆತನ. ಒಂದು ಗುಂಪಿನಲ್ಲಿ ಆಜ್ಞೆ, ಇನ್ನೊಂದರಲ್ಲಿ ಚರ್ಚೆ. ಇದು ವೇಷ ಬದಲಿಸುವುದಲ್ಲವೇ? ಬೇಕಾದಾಗ ಬೇಕಾದ ಮುಖ ತೋರಿಸುವವನನ್ನು ನಾವು ನಾಯಕ ಎನ್ನುವುದಿಲ್ಲ, ಸಮಯಸಾಧಕ ಎನ್ನುತ್ತೇವೆ. ಎಲ್ಲರನ್ನೂ ಒಂದೇ ರೀತಿ ಕಾಣುವುದು ನ್ಯಾಯ ಎಂಬ ನಂಬಿಕೆಯೂ ನಮ್ಮಲ್ಲಿ ಗಟ್ಟಿಯಾಗಿದೆ. ಕೂಟದ ಹುಡುಗಿಯೊಬ್ಬಳು ಒಮ್ಮೆ ಕೇಳಿದ್ದಳು: ‘ಅವನು ತಡವಾಗಿ ಬಂದ್ರೆ ಸುಮ್ಮನಿರ್ತೀರಿ, ನಾನು ಬಂದ್ರೆ ಕೇಳ್ತೀರಿ, ಯಾಕೆ?’ ನಮ್ಮಲ್ಲಿ ಉತ್ತರವಿತ್ತು. ಅವನು ಬೆಳಗಿನ ಜಾವ ಮಗ್ಗಕ್ಕೆ ಕೂತು ಬರುತ್ತಿದ್ದ. ಆದರೆ ಆ ಉತ್ತರವನ್ನು ನಾವು ಯಾರಿಗೂ ಹೇಳಿರಲಿಲ್ಲ.

ಉತ್ತರ ಅಲ್ಲಿಯೇ ಇದೆ ಎಂದು ಈಗ ಅನಿಸುತ್ತದೆ. ನಡವಳಿಕೆ ಬದಲಾಗುವುದರಲ್ಲಿ ಮೋಸವಿಲ್ಲ, ಬದಲಾವಣೆಯ ಕಾರಣವನ್ನು ಮುಚ್ಚಿಡುವುದರಲ್ಲಿ ಮೋಸವಿದೆ. ‘ನೀವು ಈ ಕೆಲಸಕ್ಕೆ ಹೊಸಬರು, ಆದ್ದರಿಂದ ಈ ತಿಂಗಳು ನಾವು ಹೇಳಿದಂತೆ ಮಾಡಿ, ಮುಂದಿನ ತಿಂಗಳಿಂದ ನೀವೇ ಯೋಚಿಸಿ’ ಎಂದು ಅವರೆದುರೇ ಹೇಳಲು ಸಾಧ್ಯವಾದರೆ ಅದು ಕಲಿಸುವುದು. ಹಾಗೆ ಹೇಳಿದರೆ ನಮ್ಮ ಉಪಾಯ ಕೆಡುತ್ತದೆ ಎಂದು ಅನಿಸಿದರೆ, ನಾವು ಮಾಡುತ್ತಿರುವುದು ಕಲಿಸುವುದಲ್ಲ, ಆಡಿಸುವುದು. ಕಾರಣ ಹೇಳಿದ ಮೇಲೆ ಅವರು ‘ನಮಗೆ ಈಗಲೇ ಆಗುತ್ತದೆ’ ಎಂದು ವಾದಿಸಬಹುದು. ವಾದಿಸಲಿ. ಬೆಳೆದಿದ್ದಾರೆಯೇ ಎಂಬ ತೀರ್ಮಾನದಲ್ಲಿ ಬೆಳೆಯುತ್ತಿರುವವರಿಗೂ ಒಂದು ಮಾತು ಇರಲೇಬೇಕು. ಇಲ್ಲವಾದರೆ ‘ಇನ್ನೂ ಚಿಕ್ಕವರು’ ಎಂಬ ಮಾತಿಗೆ ಕೊನೆಯೇ ಇರುವುದಿಲ್ಲ. ಹೆಣ್ಣುಮಕ್ಕಳು, ದಲಿತರು, ಆದಿವಾಸಿಗಳು ಈ ಮಾತನ್ನು ಎಷ್ಟು ಕಾಲದಿಂದ ಕೇಳಿಸಿಕೊಂಡಿದ್ದಾರೆ ಎಂದು ನೆನೆದರೆ ಸಾಕು.

ಹಾಗಾದರೆ ಏನನ್ನು ಬಿಡಬೇಕು, ಏನನ್ನು ಬಿಡಬಾರದು? ಎರಡನೇ ಕೂಟ ನಮಗೆ ಇದಕ್ಕೊಂದು ಅಳತೆ ಕೊಟ್ಟಿತು. ತಪ್ಪಾದರೆ ಅದರ ಬೆಲೆ ತೆರುವವರು ಯಾರು ಎಂದು ಕೇಳಬೇಕು. ನಾಟಕ ಕೆಟ್ಟದಾಗಿ ಬಂದಿದ್ದರೆ ನಾಚಿಕೆ ಪಡಬೇಕಾದವರು ಆಡಿದವರೇ. ಅಂಥ ತಪ್ಪು ಮಾಡುವ ಹಕ್ಕು ಅವರಿಗಿತ್ತು. ಅದನ್ನು ನಾವು ಕಸಿದುಕೊಂಡೆವು. ಆದರೆ ಕೂಟದ ಹೊತ್ತು ಬದಲಾಯಿಸಿದಾಗ ಬೆಲೆ ತೆತ್ತವಳು ತೀರ್ಮಾನ ಮಾಡಿದವರಲ್ಲಿ ಒಬ್ಬಳಲ್ಲ. ಅಲ್ಲಿ ನಾವು ಬಾಯಿ ತೆರೆಯಬೇಕಿತ್ತು. ತಮ್ಮ ತಲೆಯ ಮೇಲೆ ಬೀಳುವ ತಪ್ಪುಗಳನ್ನು ಎಳೆಯರು ಮಾಡಲಿ, ಕಲಿಯಲಿ. ಮೂಲೆಯಲ್ಲಿ ಕೂತ ದುರ್ಬಲರ ತಲೆಯ ಮೇಲೆ ಬೀಳುವ ತಪ್ಪಿಗೆ ‘ಅವರ ಸ್ವಾತಂತ್ರ್ಯ’ ಎಂದು ಹೆಸರಿಟ್ಟು ಸುಮ್ಮನಿರುವುದು ಹೊಣೆಗೇಡಿತನ. ಗುಂಪು ಎಷ್ಟೇ ಬೆಳೆದಿರಲಿ, ಈ ಒಂದು ಕೆಲಸದಿಂದ ಹಿರಿಯರಿಗೆ ಬಿಡುವಿಲ್ಲ.

ಇನ್ನೊಂದು ತೊಡಕಿದೆ. ಹುಳು ಸಾಕುವವರ ದೊಡ್ಡ ತಲೆನೋವೆಂದರೆ ಒಂದೇ ತಟ್ಟೆಯ ಹುಳುಗಳು ಒಟ್ಟಿಗೆ ಜ್ವರಕ್ಕೆ ಕೂರದಿರುವುದು. ಕೆಲವು ಕೂತಿರುತ್ತವೆ, ಕೆಲವು ಇನ್ನೂ ಮೇಯುತ್ತಿರುತ್ತವೆ. ಗುಂಪು ಎಂದು ನಾವು ಸಲೀಸಾಗಿ ಹೇಳುವುದೂ ಹೀಗೆಯೇ. ಅದರಲ್ಲಿ ಒಬ್ಬೊಬ್ಬರ ಬೆಳವಣಿಗೆ ಒಂದೊಂದು ಬಗೆ. ಒಬ್ಬನೇ ವ್ಯಕ್ತಿಯೂ ಒಂದು ಕೆಲಸದಲ್ಲಿ ಬಲಿತಿರುತ್ತಾನೆ, ಇನ್ನೊಂದರಲ್ಲಿ ಎಳಸಾಗಿರುತ್ತಾನೆ. ಮೆಟ್ಟಿಲಿನ ಚಿತ್ರದಲ್ಲಿ ಗುರು ಯಾವಾಗಲೂ ಮೇಲೆ, ಶಿಷ್ಯ ಯಾವಾಗಲೂ ಕೆಳಗೆ. ಬದುಕು ಹಾಗಿಲ್ಲ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಒಂದು ಉದಾಹರಣೆಯಿದೆ.

ಯಳಂದೂರು ತಾಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಥೆ ಅದು. 1972ರ ವನ್ಯಜೀವಿ ಕಾಯ್ದೆ ಬಂದು, 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಬೇಟೆ ನಿಂತಿತು, ಕಾಡಿನೊಳಗೆ ಜಾಗ ಬದಲಿಸುತ್ತ ಮಾಡುತ್ತಿದ್ದ ಬೇಸಾಯ ನಿಂತಿತು. ಚದುರಿದ್ದ ಕುಟುಂಬಗಳು ಪೋಡುಗಳಲ್ಲಿ ನೆಲೆ ನಿಲ್ಲಬೇಕಾಯಿತು. ಡಾ. ಎಚ್. ಸುದರ್ಶನ್ ವೈದ್ಯರಾಗಿ ಅಲ್ಲಿಗೆ ಬಂದು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಶುರು ಮಾಡಿದರು. ಆಸ್ಪತ್ರೆಯ ಜೊತೆ ಶಾಲೆ ಬಂತು, ಕಸುಬಿನ ತರಬೇತಿ ಬಂತು, ಸೋಲಿಗರದೇ ಸಂಘಟನೆ ಬೆಳೆಯಿತು. ಈ ಕೆಲಸಕ್ಕೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಸಿಕ್ಕಿತು. ಆ ವರ್ಷಗಳಲ್ಲಿ ಹೊರಗಿನವರು ಕಲಿಸುವವರು, ಒಳಗಿನವರು ಕಲಿಯುವವರು. ಅಕ್ಷರ, ಔಷಧಿ, ಕಚೇರಿಯ ಅರ್ಜಿ ಇವುಗಳಲ್ಲಿ ಹಾಗೆಯೇ ಆಗಬೇಕಿತ್ತು.

ಆದರೆ ಕಾಡಿನ ವಿಷಯಕ್ಕೆ ಬಂದಾಗ ಪಾಠ ತಿರುಗಿತು. ಬೆಟ್ಟದಲ್ಲಿ ಲಂಟಾನ ಪೊದೆ ಎಲ್ಲವನ್ನೂ ಮುಚ್ಚಿ ಹಬ್ಬಿದ್ದಕ್ಕೆ ಹಿರಿಯ ಸೋಲಿಗರು ಒಂದು ಕಾರಣ ಹೇಳುತ್ತಿದ್ದರು. ಹಿಂದೆ ಬೇಸಿಗೆಯ ಮೊದಲಿನಲ್ಲಿ ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಹೆಚ್ಚಿತು ಎಂಬುದು ಅವರ ಮಾತು. ಬೆಂಕಿ ಎಂದರೆ ಕಾಡಿಗೆ ನಾಶ ಎಂದು ಕಲಿತು ಬಂದವರಿಗೆ ಇದು ಒಪ್ಪುವಂಥದ್ದಾಗಿರಲಿಲ್ಲ. ಏಟ್ರೀ ಸಂಸ್ಥೆಯ ಸಂಶೋಧಕರು ಈ ಮಾತಿಗೆ ಕಿವಿಗೊಟ್ಟು, ಅದನ್ನು ತಮ್ಮ ಅಧ್ಯಯನದ ಭಾಗವಾಗಿಸಿ 2012ರಲ್ಲಿ ಪ್ರಕಟಿಸಿದರು. ಸೋಲಿಗರ ದೇವರ ನೆಲೆಗಳು, ಅಬ್ಬಿಗಳು, ಕಲ್ಲುಗುಡಿಗಳು ಎಲ್ಲೆಲ್ಲಿವೆ ಎಂಬ ನಕ್ಷೆ ತಯಾರಾದಾಗಲೂ ದಾರಿ ತೋರಿಸಿದವರು ಪೋಡಿನ ಹಿರಿಯರು. ಉಪಕರಣ ಹಿಡಿದು ಜೊತೆಗೆ ನಡೆದವರಲ್ಲಿ ಸೋಲಿಗ ಯುವಕರಿದ್ದರು. ಆ ಯುವಕರು ಏಕಕಾಲಕ್ಕೆ ಇಬ್ಬರ ಶಿಷ್ಯರು, ಇಬ್ಬರ ನಡುವಿನ ದುಭಾಷಿಗಳು.

2002ರ ಕಾಯ್ದೆ ತಿದ್ದುಪಡಿಯ ನಂತರ, ಕೆಲವೇ ವರ್ಷಗಳಲ್ಲಿ, ಜೇನು ನೆಲ್ಲಿಕಾಯಿಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೆ ತಡೆ ಬಂತು. ಹಲವು ಮನೆಗಳ ದುಡಿಮೆ ನಿಂತಿತು. ಅಷ್ಟರಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಬಂದಿತ್ತು. ಗ್ರಾಮಸಭೆಯಲ್ಲಿ ಅರಣ್ಯ ಹಕ್ಕು ಸಮಿತಿ ಮಾಡಿ, ಹಕ್ಕಿನ ಅರ್ಜಿ ತಯಾರಿಸಿ, ಉಪವಿಭಾಗ ಮತ್ತು ಜಿಲ್ಲಾ ಮಟ್ಟದ ಸಮಿತಿಗಳನ್ನು ದಾಟಿಸಬೇಕಿತ್ತು. ಇದರಲ್ಲಿ ಮುಂದೆ ನಿಂತವರು ಸೋಲಿಗರೇ. ಸೋಲಿಗರಲ್ಲಿ ಮೊದಲು ಪಿಎಚ್.ಡಿ. ಪಡೆದವರೆಂದು ಹೆಸರಾದ ಸಿ. ಮಾದೇಗೌಡರಂಥವರು, ಸೋಲಿಗ ಅಭಿವೃದ್ಧಿ ಸಂಘದ ಕಾರ್ಯಕರ್ತರು, ಓದಿಲ್ಲದ ಪೋಡಿನ ಯಜಮಾನರು. ಹೊರಗಿನ ಸಂಶೋಧಕರೂ ವಕೀಲರೂ ನೆರವಿಗೆ ಇದ್ದರು, ಆದರೆ ನೆರವಿನ ಜಾಗದಲ್ಲಿ ಇದ್ದರು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹಲವು ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಪಡೆದ ದೇಶದ ಮೊದಲ ಸಮುದಾಯ ಅದು.

ಹಕ್ಕುಪತ್ರದಿಂದ ಎಲ್ಲ ಕಷ್ಟವೂ ತೀರಲಿಲ್ಲ, ಜಗಳಗಳು ಮುಗಿಯಲಿಲ್ಲ. ನಾವು ಗಮನಿಸಬೇಕಾದದ್ದು ಬೇರೆ. ಮೂವತ್ತು ವರ್ಷಗಳಲ್ಲಿ ಮುಂದೆ ನಿಲ್ಲುವವರು ಬದಲಾದರು. ಹೊರಗಿನಿಂದ ಬಂದವರ ಸ್ಥಾನ ಮುಂದಿನಿಂದ ಪಕ್ಕಕ್ಕೆ, ಪಕ್ಕದಿಂದ ಹಿಂದಕ್ಕೆ ಸರಿಯಿತು. ಕಾಡಿನ ಪಾಠದಲ್ಲಿ ಅವರು ಶಿಷ್ಯರೇ ಆಗಿ ಕೂತರು. ಕಲಿಸುವವನು ತನ್ನ ರೀತಿಯನ್ನು ಬದಲಿಸಿಕೊಳ್ಳುವುದು ಎಂದರೆ ಹೆಚ್ಚು ಮೃದುವಾಗುವುದು, ಹೆಚ್ಚು ಗೆಳೆತನ ತೋರುವುದು ಎಂದಷ್ಟೇ ನಾವು ತಿಳಿದಿದ್ದೆವು. ಅದರ ಕೊನೆಯ ಹಂತ ಇದು: ಕಲಿಸಿದವರ ಮುಂದೆ ಕಲಿಯಲು ಕೂರುವುದು. ಮಗ್ಗದ ಸಾಲದ ಬಗ್ಗೆ ನಾಟಕ ಮಾಡುತ್ತೇವೆಂದ ಹುಡುಗರಿಗೆ ಆ ಸಾಲದ ಒಳಹೊರಗು ನಮಗಿಂತ ಚೆನ್ನಾಗಿ ಗೊತ್ತಿತ್ತು. ನಾವು ಆ ಒಂದು ದಿನ ಶಿಷ್ಯರಾಗಬಹುದಿತ್ತು.

ನಮ್ಮ ಸೀಮೆಯ ಮಂಟೇಸ್ವಾಮಿ ಕಥೆಯಲ್ಲೂ ಗುರುಶಿಷ್ಯರ ಈ ಬಿಕ್ಕಟ್ಟು ಇದೆ. ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರ ಹಾಡು ಕೇಳಿದವರಿಗೆ ಅದು ಗೊತ್ತು. ಕೆಂಪಾಚಾರಿ ಎಂಬ ಹುಡುಗನನ್ನು ಗುರು ತನ್ನವನನ್ನಾಗಿ ಮಾಡಿಕೊಳ್ಳುವುದು ಸುಲಭದಲ್ಲಿ ಆಗುವುದಿಲ್ಲ. ಆ ಭಾಗದ ಗುರುವಿನ ಹಠ ಇಂದಿನ ಕಿವಿಗೆ ಕಠಿಣವಾಗಿಯೇ ಕೇಳುತ್ತದೆ. ಆದರೆ ಅವನು ಸಿದ್ದಪ್ಪಾಜಿಯಾದ ಮೇಲೆ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣ ಬೇಡಲು ಹೋಗುವುದು ಅವನೇ. ಅಲ್ಲಿ ವಿಷವನ್ನೂ ಕಾದ ಕಬ್ಬಿಣವನ್ನೂ ಎದುರಿಸುವವನೂ ಅವನೇ. ಜನ ಇಂದು ಚಿಕ್ಕಲ್ಲೂರಿಗೆ ಬರುವುದು ಶಿಷ್ಯನ ಗದ್ದಿಗೆಗೆ. ಶಿಷ್ಯನಿಗೆ ತನ್ನದೇ ಒಂದು ಜಾತ್ರೆ ಆಗುವಷ್ಟು ಜಾಗ ಬಿಟ್ಟುಕೊಟ್ಟ ಪರಂಪರೆ ಇದು ಎಂಬುದನ್ನು ನಾವು ಮರೆಯಬಾರದು.

ಕೊನೆಗೆ ರೇಷ್ಮೆ ಹುಳುವಿನ ಹೋಲಿಕೆಯನ್ನೇ ಪ್ರಶ್ನಿಸಬೇಕು. ಸಾಕುವವರು ಎಷ್ಟು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ! ಚಾಕಿ ಹುಳುವಿಗೆ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತಾರೆ, ಬೆಚ್ಚಗಿಡುತ್ತಾರೆ. ದೊಡ್ಡದಾದಂತೆ ಇಡೀ ಎಲೆ, ಹೆಚ್ಚು ಜಾಗ, ಹೆಚ್ಚು ಗಾಳಿ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ಹಂತಕ್ಕೆ ತಕ್ಕ ಆರೈಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆದರೆ ಗೂಡು ಕಟ್ಟಿದ ಮೇಲೆ? ಒಳಗಿನ ಜೀವವನ್ನು ಬಿಸಿಯಲ್ಲಿ ಕೊಂದು ನೂಲು ತೆಗೆಯುತ್ತಾರೆ. ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬಂದರೆ ಉದ್ದನೆಯ ಎಳೆ ಬಿಚ್ಚಿಕೊಳ್ಳುವುದಿಲ್ಲ. ರೀಲರಿಗೆ ಅದು ನಷ್ಟ. ಅಕ್ಕರೆಯೆಲ್ಲ ನೂಲಿಗಾಗಿ. ಅದು ಹೊಟ್ಟೆಪಾಡಿನ ಕಸುಬು, ಅದನ್ನು ದೂರುವುದಿಲ್ಲ. ಆದರೆ ಮನುಷ್ಯರ ಮಕ್ಕಳನ್ನು ಹೀಗೆ ಸಾಕುವವರು ನಮ್ಮ ನಡುವೆ ಇದ್ದಾರೆ.

ಪಕ್ಷಗಳು, ಜಾತಿ ಸಂಘಗಳು, ಧರ್ಮದ ಹೆಸರಿನ ಸಂಘಟನೆಗಳು ಎಲ್ಲಕ್ಕೂ ಯುವ ಘಟಕಗಳಿವೆ. ಅಲ್ಲಿಯ ಎಷ್ಟೋ ನಾಯಕರು ಯುವಕರ ಬೆಳವಣಿಗೆಗೆ ತಕ್ಕಂತೆ ತಮ್ಮ ರೀತಿಯನ್ನು ಬದಲಿಸುವುದರಲ್ಲಿ ಪಳಗಿದವರು. ಹೊಸಬನಿಗೆ ಪ್ರೀತಿ, ಆಮೇಲೆ ಜವಾಬ್ದಾರಿ, ಆಮೇಲೆ ಒಂದು ಹುದ್ದೆ. ಮೆರವಣಿಗೆಯಲ್ಲಿ ಮುಂದೆ ನಿಲ್ಲುವವನು ಅವನು, ಮೊಕದ್ದಮೆಯಾದರೆ ಕೋರ್ಟಿಗೆ ಅಲೆಯುವವನೂ ಅವನು. ಅವನು ಒಂದು ದಿನ ಪ್ರಶ್ನೆ ಕೇಳಿದರೆ ಮಾತ್ರ ಎಲ್ಲ ಆರೈಕೆಯೂ ನಿಲ್ಲುತ್ತದೆ. ನಮ್ಮ ಸಮುದಾಯ ಇದಕ್ಕೆ ಹೊರತಲ್ಲ. ನಮ್ಮ ಓದುಕೂಟವೂ ಹೊರತಾಗಿರ
ಲಿಲ್ಲ, ನಮಗೆ ಬೇಕಿದ್ದ ನೂಲು ಹೆಸರು. ಹಾಗಾಗಿ ಕಲಿಸುವವರು ತಮಗೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ ಎನಿಸುತ್ತದೆ. ಇವರು ಗೂಡು ಒಡೆದು ಹೊರಗೆ ಬಂದು, ನಮಗೆ ಇಷ್ಟವಿಲ್ಲದ ದಿಕ್ಕಿಗೆ ಹಾರಿದರೆ, ನಮ್ಮ ನೂಲು ತುಂಡಾದರೆ, ಆಗಲೂ ಸಂತೋಷಪಡುತ್ತೇವೆಯೇ?

ಮೊದಲ ಕೂಟದ ಆ ಹುಡುಗ ಈಗ ಹನೂರಿನ ಕಡೆ ಮಕ್ಕಳಿಗೆ ಭಾನುವಾರದ ಪಾಠ ನಡೆಸುತ್ತಾನೆ. ಹೋದ ವರ್ಷ ನಮ್ಮನ್ನು ಕರೆದಿದ್ದ. ಭಾಷಣಕ್ಕೆ ಕರೆದಿದ್ದಾನೆಂದು ಸಿದ್ಧವಾಗಿ ಹೋದೆವು. ಅವನು ನಮ್ಮನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ‘ಇವತ್ತು ಅವರೇ ಮಾತಾಡ್ತರ ಸಾ, ನೀವು ಕೇಳಿ’ ಎಂದ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ತಾನು ಓದಿದ ಪುಸ್ತಕದ ಬಗ್ಗೆ ಹೇಳತೊಡಗಿದಳು. ನಡುವೆ ಲೇಖಕನ ಹೆಸರು ತಪ್ಪು ಹೇಳಿದಳು. ನಮ್ಮಲ್ಲೊಬ್ಬರ ಬಾಯಿ ಅರ್ಧ ತೆರೆದಿತ್ತು. ಅವನು ದೂರದಿಂದಲೇ ನಮ್ಮನ್ನು ನೋಡಿದ. ನಾವು ಸುಮ್ಮನಾದೆವು. ಮಾತು ಮುಗಿಯುವ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದ ಪುಟ್ಟ ಹುಡುಗ ಅವಳ ಲಂಗ ಜಗ್ಗಿ ಸರಿಯಾದ ಹೆಸರು ಹೇಳಿದ. ಅವಳು ನಕ್ಕು ತಿದ್ದಿಕೊಂಡಳು.